ಉರಿಗಾಂ ಲೈನಿನ ಬಾಯಿ ಬಿಡದ ಮಕ್ಕಳು ಮತ್ತು ಅವರ ಆಯಮ್ಮ

ಬೆಳಗಿನ ಸೈರನ್ ಕೂಗಿ ಇನ್ನೂ ಹೊತ್ತಾಗಿಲ್ಲ. ರಾತ್ರಿ ಪಾಳಿ ಮುಗಿಸಿದ ಗಂಡಸರು ಚಿನ್ನದ ಗಣಿಯ ಕಡೆಯಿಂದ ಒಬ್ಬೊಬ್ಬರಾಗಿ ಲೈನಿಗೆ, ಎಂದರೆ ಕೂಲಿಗಳ ಸಾಲುಮನೆಗಳಿಗೆ, ಬರುತ್ತಿದ್ದಾರೆ. ಮುಖದ ತುಂಬ ಕಲ್ಲುಧೂಳು, ಕಾಲೆಳೆಯುವ ನಡಿಗೆ. ಅವರಿಗೆ ಎದುರಾಗಿ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಇಬ್ಬನಿಗೆ ತಲೆಗೊಂದು ಟವಲು ಸುತ್ತಿಕೊಂಡು ಕದಿರಮ್ಮ ಬರುತ್ತಿದ್ದಾರೆ. ಉರಿಗಾಂನ ಈ ಲೈನಿನ ಪ್ರಾಥಮಿಕ ಶಾಲೆಗೆ ಅವರೇ ಆಯಾ. ಮಕ್ಕಳ ಬಾಯಲ್ಲಿ ಆಯಮ್ಮ. ಶಾಲೆಯ ಗಂಟೆ ಹೊಡೆಯುವುದೆಲ್ಲ ಆಮೇಲಿನ ಮಾತು. ಮೊದಲು ಮನೆಮನೆಗೆ ಹೋಗಿ ಮಕ್ಕಳನ್ನು ಹೊರಡಿಸಿಕೊಂಡು ಬರಬೇಕು.

ವಿಚಿತ್ರವೆಂದರೆ ಅವರು ಯಾರ ಹೆಸರನ್ನೂ ಕೂಗುವುದಿಲ್ಲ. ಬಾಗಿಲ ಮುಂದೆ ನಿಂತು ಎರಡು ಬೆರಳಿನಿಂದ ಚೌಕಟ್ಟು ತಟ್ಟುತ್ತಾರೆ, ಅಷ್ಟೇ. ಒಳಗಿನಿಂದ ಒಂದು ಮಗು ಸ್ಲೇಟು ಕಂಕುಳಲ್ಲಿ ಅವುಚಿಕೊಂಡು ಬೆಕ್ಕಿನ ಮರಿಯ ಹಾಗೆ ಹೊರಗೆ ಬರುತ್ತದೆ. ತಾಯಂದಿರೂ ಕೈಸನ್ನೆಯಲ್ಲೇ ಮಾತಾಡುತ್ತಾರೆ: ಇವನಿಗೆ ಜ್ವರ, ಇವತ್ತು ಬೇಡ, ಇವಳು ಏನೂ ತಿಂದಿಲ್ಲ, ನೋಡಿಕೋ. ಮೂವತ್ತು ನಲವತ್ತು ಮಕ್ಕಳ ಮೆರವಣಿಗೆ ಲೈನು ದಾಟುವ ತನಕ ಪಿಟ್ಟೆನ್ನುವುದಿಲ್ಲ. ರಸ್ತೆಗೆ ಬಿದ್ದ ಮೇಲೆ ನೋಡಬೇಕು, ಅವುಗಳ ಗಲಾಟೆಗೆ ಮರದ ಕಾಗೆಗಳೂ ಎದ್ದು ಹೋಗುತ್ತವೆ.

ಇದಕ್ಕೆ ಕಾರಣ ಬಾಗಿಲುಗಳ ಮೇಲೆಯೇ ಇದೆ. ಲೈನಿನ ಮನೆ ಎಂದರೆ ಒಂದೇ ಕೋಣೆ, ಬಿದಿರು ತಟ್ಟಿಯ ಗೋಡೆ, ತಗಡಿನ ಮಾಡು. ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದರೆ ಈ ಮನೆಯವರು ಸೀನಬೇಕು. ಅಂಥ ಮನೆಯಲ್ಲಿ ರಾತ್ರಿಯೆಲ್ಲ ನೆಲದ ಕೆಳಗೆ ಕಲ್ಲು ಒಡೆದು ಬಂದವನು ಹಗಲು ಮಲಗಬೇಕು. ಅವನು ಮಲಗಿದ ಎಂದು ತಿಳಿಸಲು ಮನೆಯವರು ಬಾಗಿಲಿಗೆ ಟವಲು ನೇತುಹಾಕುತ್ತಾರೆ. ಟವಲು ಇಳಿಯುವ ತನಕ ಆ ಬಾಗಿಲಲ್ಲಿ ಜಗಳವಿಲ್ಲ, ಪಾತ್ರೆಯ ಸದ್ದಿಲ್ಲ, ಭಿಕ್ಷೆಗೆ ಬಂದವನೂ ಮುಂದಿನ ಮನೆಗೆ ಹೋಗುತ್ತಾನೆ. ತಮಿಳರು, ತೆಲುಗರು, ಕನ್ನಡದವರು ಎಲ್ಲ ಸೇರಿದ ಲೈನು ಇದು. ಅವರವರ ದೇವರು ಬೇರೆ, ಅಡುಗೆ ಬೇರೆ, ಬೈಗುಳವೂ ಬೇರೆ. ಈ ಒಂದು ಕಟ್ಟಳೆ ಮಾತ್ರ ಎಲ್ಲರಿಗೂ ಒಂದೇ.

“ನಿದ್ದೆಗೆಟ್ಟು ಕೆಳಕ್ಕಿಳಿದೋನ ಕೈ ತಪ್ತದೆ. ಅಲ್ಲಿ ಕೈ ತಪ್ಪುದ್ರೆ ಇನ್ನೇನೈತೆ?” ಎನ್ನುತ್ತಾರೆ ಕದಿರಮ್ಮ. “ಅದ್ಕೇ ನಮ್ ಮಕ್ಳು ಮಾತು ಕಲಿಯಾಕೆ ಮುಂಚೆ ಸುಮ್ಕಿರಾದು ಕಲೀತವೆ.”

ಕದಿರಮ್ಮ ಹುಟ್ಟಿದ್ದು ಬೂದಿಕೋಟೆಯ ಹತ್ತಿರದ ಒಂದು ಹಳ್ಳಿಯಲ್ಲಿ. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ. ಗಣಿ ಕೆಲಸದ ಕೋದಂಡಪ್ಪನ ಕೈ ಹಿಡಿದು ಲೈನಿಗೆ ಬಂದ ಮೇಲೆ ನಲ್ಲಿಯ ಮುಂದೆ ಬಿಂದಿಗೆ ಸಾಲಿನಲ್ಲಿ ನಿಂತು ನಿಂತೇ ತಮಿಳು ಕಲಿತರು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಮಗಳು ಅಮ್ಮಾಜಿ ಇನ್ನೂ ತೆವಳುವ ಕೂಸು, ಆಗ ಒಂದು ಮಧ್ಯಾಹ್ನ ನೆಲದಾಳದಲ್ಲಿ ಬಂಡೆ ಸಿಡಿದು ಲೈನಿನ ಪಾತ್ರೆಗಳೆಲ್ಲ ನಡುಗಿದವು. ಕೋದಂಡಪ್ಪ ಜೀವಂತವಾಗಿ ಮೇಲೆ ಬರಲಿಲ್ಲ. ಅವರನ್ನು ಕಲ್ಲಿನಡಿಯಿಂದ ಬಿಡಿಸಿ ಹೆಗಲ ಮೇಲೆ ಹೊತ್ತು ತಂದವರು ಪಕ್ಕದ ಮನೆಯ ಪೆರುಮಾಳ್. ಆಮೇಲೆ ಎಷ್ಟೋ ದಿನ ತಾಯಿಮಗಳು ಉಂಡದ್ದು ಪೆರುಮಾಳ್ ಮನೆಯ ಒಲೆಯ ಅನ್ನವನ್ನೇ.

ಶಾಲೆಯಲ್ಲಿ ಆಯಾ ಕೆಲಸ ಸಿಕ್ಕಿತು. ಕಸ ಗುಡಿಸುವುದು, ನೀರು ತುಂಬುವುದು, ಪುಡಿಹಾಲು ಕಾಯಿಸಿ ಮಕ್ಕಳಿಗೆ ಕುಡಿಸುವುದು. ಇವು ಹೇಳಿಕೊಳ್ಳುವ ಕೆಲಸ. ಹೇಳಿಕೊಳ್ಳದ ಕೆಲಸ ಇನ್ನೊಂದಿದೆ. ಹೊಸದಾಗಿ ಸೇರಿದ ಕೂಸು ತೆಲುಗಿನಲ್ಲಿ ಅಳುತ್ತದೆ, ಮೇಷ್ಟರು ಕನ್ನಡದಲ್ಲಿ ಸಮಾಧಾನ ಮಾಡುತ್ತಾರೆ, ಬೆಂಚಿನ ಜೊತೆಗಾರ ತಮಿಳಿನಲ್ಲಿ ನಗುತ್ತಾನೆ. ನಡುವೆ ನಿಂತು ಮೂರನ್ನೂ ಜೋಡಿಸುವವರು ಆಯಮ್ಮ. ಇದೇನು ಮಹಾ ಕೆಲಸ ಎಂದು ಮೂಗು ಮುರಿಯುವವರು ಒಂದು ದಿನ ಮಾಡಿ ನೋಡಲಿ.

ಪೆರುಮಾಳ್ ಅವರಿಗೂ ಒಬ್ಬಳು ಮಗಳು, ಕನಕ. ಅಮ್ಮಾಜಿಯ ವಾರಿಗೆಯವಳು. ಎರಡು ಕೂಸುಗಳೂ ಕದಿರಮ್ಮನ ಒಂದೊಂದು ತೊಡೆಯ ಮೇಲೆ ಬೆಳೆದವು. ಪೆರುಮಾಳ್ ರಾತ್ರಿ ಪಾಳಿಗೆ ಹೋಗಿ ಬಂದು ಮಲಗಿದರೆ, ಅಳುವ ಕನಕಳ ತುಟಿಯ ಮೇಲೆ ಬೆರಳಿಟ್ಟು ಟವಲು ತೋರಿಸಿ “ನೋಡು, ಅಪ್ಪ ಮಲಗವ್ನೆ” ಎಂದು ಕಲಿಸಿದವರೂ ಕದಿರಮ್ಮನೇ. ಅಮ್ಮಾಜಿಗೆ ಅದನ್ನು ಕಲಿಸುವ ಪ್ರಮೇಯ ಬರಲಿಲ್ಲ. ಅವಳ ಮನೆಯಲ್ಲಿ ಹಗಲು ಮಲಗುವವರೇ ಇರಲಿಲ್ಲ. ಹಾಗಾಗಿ ಅಮ್ಮಾಜಿಯದು ಗಂಟೆಯಂಥ ಗಂಟಲು. ಕನಕ ಮೆತ್ತಗಿನವಳು, ಆದರೆ ಬುದ್ಧಿ ಮಾತ್ರ ಸೂಜಿ. ಮೇಷ್ಟರು ಬೋರ್ಡಿನ ಮೇಲೆ ಲೆಕ್ಕ ಬರೆದು ಮುಗಿಸುವುದರೊಳಗೆ ಸ್ಲೇಟಿನಲ್ಲಿ ಉತ್ತರ ಬರೆದಿಟ್ಟು ಕಿಟಕಿ ನೋಡುತ್ತ ಕೂತಿರುತ್ತಿದ್ದಳು.

ಎರಡು ವರ್ಷದ ಹಿಂದೆ ಮೈಸೂರು ಕಡೆಯ ಒಂದು ತರಬೇತಿ ಕಾಲೇಜಿನಿಂದ ಆದಿನಾರಾಯಣ ಎಂಬ ಉಪನ್ಯಾಸಕರು ಈ ಶಾಲೆಗೆ ಬಂದರು. ಹಲವು ಭಾಷೆಯ, ಹಲವು ಜಾತಿಯ ಮಕ್ಕಳು ಒಂದೇ ತರಗತಿಯಲ್ಲಿ ಹೇಗೆ ನಡೆದುಕೊಳ್ಳುತ್ತಾರೆ, ಅವರ ಬುದ್ಧಿಯನ್ನು ಅಳೆಯುವುದು ಹೇಗೆ ಎಂಬುದು ಅವರ ಸಂಶೋಧನೆ. ಸಂಶೋಧನೆಯ ಬಾಲಕ್ಕೆ ಒಂದು ಭಾಗ್ಯವೂ ಕಟ್ಟಿತ್ತು. ಪರೀಕ್ಷೆಯಲ್ಲಿ ಮೇಲೆ ಬಂದ ಮೂವರು ಮಕ್ಕಳಿಗೆ ಬಂಗಾರಪೇಟೆಯಲ್ಲಿ ಊಟ, ಬಟ್ಟೆ, ವಸತಿ ಕೊಟ್ಟು ಮುಂದಕ್ಕೆ ಓದಿಸುತ್ತಾರೆ. ತೀರ ಕೆಳಗೆ ಬಂದವರನ್ನು ಮಂದಗತಿಯವರೆಂದು ಬೇರೆ ಕೂರಿಸಿ ಚಾಪೆ ಹೆಣೆಯುವುದು, ಬುಟ್ಟಿ ಹೆಣೆಯುವುದು ಕಲಿಸುತ್ತಾರೆ.

ಲೈನಿನಲ್ಲಿ ಸುದ್ದಿ ಹಬ್ಬಿತು. ಪೆರುಮಾಳ್ ಅಂತೂ ಮಗಳು ಬಂಗಾರಪೇಟೆಗೆ ಹೋದಳೆಂದೇ ಲೆಕ್ಕ ಹಾಕಿದರು. ಹೋಗದಿದ್ದರೆ ಗಣಿಯ ದೊರೆಗಳ ಬಂಗಲೆಯೊಂದರಲ್ಲಿ ಮಗು ನೋಡಿಕೊಳ್ಳುವ ಕೆಲಸ ಕಾದಿತ್ತು, ಮಾತಾಗಿತ್ತು.

ಆದಿನಾರಾಯಣರನ್ನು ಬೇಜವಾಬ್ದಾರಿ ಮನುಷ್ಯ ಎನ್ನುವಂತಿಲ್ಲ. ಒಂದು ವಾರ ಹಿಂದಿನ ಬೆಂಚಿನಲ್ಲಿ ಕೂತು ಯಾವ ಮಗು ಕೈಯೆತ್ತುತ್ತದೆ, ಯಾವುದು ಪಕ್ಕದವನ ಮುಖ ನೋಡುತ್ತದೆ ಎಂದು ಗಮನಿಸಿದರು. ಪ್ರಶ್ನೆಗಳನ್ನು ಮೂರು ಭಾಷೆಗೂ ಹಾಕಿಸಿದರು. ಚಿತ್ರಗಳಲ್ಲಿ ಪಿಯಾನೋ ಇದ್ದ ಕಡೆ ತಮಟೆ ಬರೆಸಿದರು. ಮಕ್ಕಳು ಕಾಣದ್ದನ್ನು ಕೇಳಬಾರದು ಎಂಬುದು ಅವರ ನ್ಯಾಯ.

ಪರೀಕ್ಷೆ ಒಂದೊಂದೇ ಮಗುವಿಗೆ, ಶಾಲೆಯ ಸಾಮಾನು ಕೋಣೆಯಲ್ಲಿ. ಹಿಂದುಗಡೆ ಮುರುಕು ಬೆಂಚುಗಳ ಅಟ್ಟಿ, ಅದರಾಚೆ ಕತ್ತಲು. ಮೊದಲ ಬೆಳಿಗ್ಗೆ ಹೊರಗಿನ ಮಕ್ಕಳು ಬಾಗಿಲಿಗೆ ಮುತ್ತಿ ಗದ್ದಲವೋ ಗದ್ದಲ. ಒಳಗಿನ ಮಗುವಿಗೆ ಪ್ರಶ್ನೆಯೇ ಕೇಳಿಸದು. ಮುಖ್ಯೋಪಾಧ್ಯಾಯ ಶ್ರೀರಾಮಪ್ಪನವರು ಕೋಲು ಆಡಿಸಿ ಸೋತರು. “ಕದಿರಮ್ಮ, ಏನಾದ್ರೂ ಮಾಡಮ್ಮ” ಎಂದರು.

ಕದಿರಮ್ಮ ತಲೆಗೆ ಸುತ್ತಿದ್ದ ಟವಲು ಬಿಚ್ಚಿ ಬಾಗಿಲಿಗೆ ನೇತುಹಾಕಿದರು.

ಅಂಗಳಕ್ಕೆ ಅಂಗಳವೇ ತಣ್ಣಗಾಯಿತು. ಮಕ್ಕಳು ತುದಿಗಾಲಲ್ಲಿ ಹಿಂದೆ ಸರಿದು ಮರದ ಕೆಳಗೆ ಕೂತವು. “ಇದೇನಮ್ಮ, ಮಂತ್ರ ಗಿಂತ್ರ ಹಾಕಿದ್ಯಾ?” ಎಂದು ಶ್ರೀರಾಮಪ್ಪನವರು ನಕ್ಕರು. ಕದಿರಮ್ಮನಿಗೂ ಒಳಗೊಳಗೇ ಹೆಮ್ಮೆ. ಪರೀಕ್ಷೆ ಮುಗಿಯುವ ತನಕ ದಿನವೂ ಟವಲು ಹಾಕಿದರು. ಹೊರಗಿನ ಮಕ್ಕಳ ಬಾಯಿ ಕಟ್ಟಲು ಹಾಕಿದ ಟವಲಿನ ಕೆಳಗೇ ಒಳಗೆ ಹೋಗುವ ಮಕ್ಕಳೂ ತಲೆ ತಗ್ಗಿಸಿ ನುಸುಳುತ್ತಿದ್ದಾರೆ ಎಂಬುದು ಅವರ ಬುದ್ಧಿಗೆ ಹೊಳೆಯಲೇ ಇಲ್ಲ.

ಒಳಗೆ ನಡೆದದ್ದನ್ನು ಆದಿನಾರಾಯಣರೇ ಆಮೇಲೆ ಹೇಳಿದರು. ಮರದ ತುಂಡು ಜೋಡಿಸು ಎಂದರೆ ಮಕ್ಕಳು ಚಕಚಕನೆ ಜೋಡಿಸುತ್ತಿದ್ದವು. ಬಾಯಲ್ಲಿ ಹೇಳು ಎಂದರೆ ಮಾತ್ರ ಮೌನ. ಕೆಲವು ತುಟಿ ಅಲ್ಲಾಡಿಸುತ್ತಿದ್ದವು, ದನಿ ಬರುತ್ತಿರಲಿಲ್ಲ. ಅವರು ಪೆಪ್ಪರ್‌ಮೆಂಟು ಕೊಟ್ಟರು, ತಮಾಷೆ ಮಾಡಿದರು. ಕನಕಳನ್ನು “ಜೋರಾಗಿ ಹೇಳಮ್ಮ” ಎಂದಾಗ ಅವಳು ಗಾಬರಿಯಿಂದ ಹಿಂದಿನ ಕತ್ತಲೆಯತ್ತ ನೋಡಿ ತುಟಿಯ ಮೇಲೆ ಬೆರಳಿಟ್ಟುಕೊಂಡಳು. ಕಿವಿಗೆ ಬೀಳದ ಉತ್ತರಕ್ಕೆ ಅಂಕವಿಲ್ಲ ಎಂಬುದು ಆ ಪರೀಕ್ಷೆಯ ನಿಯಮ. ಅಳುಕಿನ ಸ್ವಭಾವ, ಮಾತು ತೀರ ಕಡಿಮೆ ಎಂದುಕೊಂಡು ಅವರು ಮುಂದಿನ ಮಗುವನ್ನು ಕರೆದರು.

ಅಮ್ಮಾಜಿ ಮಾತ್ರ ಒಳಗೆ ಹೋದವಳೇ ಎಲ್ಲವನ್ನೂ ಗಂಟಲು ಬಿಚ್ಚಿ ಹೇಳಿದಳು. ಅದು ಅಮ್ಮನ ತಲೆಯ ಟವಲೆಂದು ಅವಳಿಗೆ ಗೊತ್ತಿತ್ತು. ಗೊತ್ತಿರದಿದ್ದರೂ ಟವಲು ಕಂಡು ಬಾಯಿ ಮುಚ್ಚುವ ಅಭ್ಯಾಸ ಅವಳಿಗಿರಲಿಲ್ಲ. ಅಪ್ಪನಿಲ್ಲದ ಮನೆಯ ಮಗು ಗೆದ್ದಿತು. ಇದಕ್ಕಿಂತ ಕೆಟ್ಟ ಗೆಲುವು ಇರುತ್ತದೆಯೇ?

ಫಲಿತಾಂಶ ಬಂದಾಗ ಮೊದಲ ಹೆಸರು ಅಮ್ಮಾಜಿಯದು. ಲೈನಿನ ಮಿಕ್ಕ ಮಕ್ಕಳಲ್ಲಿ ಮುಕ್ಕಾಲು ಪಾಲು ಮಂದಗತಿಯ ಗುಂಪಿಗೆ. ಕನಕಳೂ ಅಲ್ಲಿಗೇ. ಹೆಚ್ಚು ಯೋಚಿಸಲು ಕದಿರಮ್ಮನಿಗೆ ಪುರುಸೊತ್ತಾದರೂ ಎಲ್ಲಿತ್ತು? ಮಗಳನ್ನು ಎತ್ತಿ ಮುದ್ದಾಡಿದರು, ಕಡಲೆ ಬೆಲ್ಲ ಹಂಚಿದರು. ಅಮ್ಮಾಜಿ ಅವತ್ತೇ ಬಟ್ಟೆ ಗಂಟು ಕಟ್ಟಿ ಗೂಡಿನಲ್ಲಿಟ್ಟು, ಬಂಗಾರಪೇಟೆಯಲ್ಲಿ ಬೆಳಿಗ್ಗೆ ತಿಂಡಿಗೆ ಏನು ಕೊಡುತ್ತಾರೆ ಎಂದು ಕಂಡಕಂಡವರನ್ನೆಲ್ಲ ಕೇಳುತ್ತ ಓಡಾಡಿದಳು.

ಸಂಜೆ ಪೆರುಮಾಳ್ ಬಂದರು. ಕಡಲೆ ಬೆಲ್ಲ ಕೈಯಲ್ಲಿ ಹಿಡಿದುಕೊಂಡೇ ನಿಂತರು. ಜಗಳವಾಡುವ ಮನುಷ್ಯ ಅಲ್ಲ ಅವರು.

“ಅಕ್ಕಾ, ನಮ್ ಕನಕ ಬಾಯೇ ತೆಗೀಲಿಲ್ಲಂತೆ. ಎಲ್ಲಾ ಗೊತ್ತಿತ್ತಂತೆ. ಯಾಕಮ್ಮಾ ಅಂತ ಕೇಳಿದ್ರೆ ಏನಂತಾಳೆ ಗೊತ್ತಾ? ‘ಉಳ್ಳೆ ಯಾರೋ ತೂಂಗ್ರಾಂಗಪ್ಪ’ ಅಂತಾಳೆ. ಒಳಗೆ ಯಾರೋ ಮಲಗಿದ್ರಂತೆ. ಬೆಂಚಿನ ಹಿಂದೆ. ಬಾಗಿಲಿಗೆ ಟವಲು ಇತ್ತಂತೆ.”

ಕದಿರಮ್ಮ ಬೆಲ್ಲದ ತಟ್ಟೆ ಕೆಳಗಿಟ್ಟರು. “ನಾನೇ ಕಣಪ್ಪ” ಎಂದರು. “ಆ ಟವಲು ಆಕಿದ್ದು ನಾನೇ.”

ಪೆರುಮಾಳ್ ತಲೆಯಾಡಿಸಿದರು. “ನೀನು ಬೇಕೂಂತ ಮಾಡಿಲ್ಲ ಅಕ್ಕ. ಅವಳ ನಸೀಬು. ಬರೋ ತಿಂಗಳು ಬಂಗಲೆಗೆ ಬಿಡ್ತೀನಿ” ಎಂದು ಹೇಳಿ ಪಾಳಿಗೆ ಹೊತ್ತಾಯಿತೆಂದು ಹೊರಟರು.

ಮರುದಿನ ಶಾಲೆಗೆ ರಜೆ ಹೇಳಿ ಕದಿರಮ್ಮ ಉರಿಗಾಂನಲ್ಲಿ ಬೆಳಗಿನ ರೈಲು ಹತ್ತಿದರು. ಆದಿನಾರಾಯಣರು ಬಂಗಾರಪೇಟೆಯಲ್ಲಿ ಬಿಡಾರ ಮಾಡಿದ್ದರು. ಆಯಮ್ಮ ಹೇಳಿದ್ದನ್ನೆಲ್ಲ ಅವರು ನಡುವೆ ಬಾಯಿ ಹಾಕದೆ ಕೇಳಿದರು. ಕೇಳಿ ಅಂಕಗಳ ಪಟ್ಟಿ ತೆಗೆದು ಮುಂದಿಟ್ಟುಕೊಂಡರು.

“ಕನಕಂಗೆ ಇನ್ನೊಂದ್ಸಲ ಕೇಳಿ ಸಾಮಿ. ಅದೊಂದು ಮಗೀಗೆ” ಎಂದರು ಕದಿರಮ್ಮ.

“ಒಂದು ಮಗುವಿಗೆ ಮಾತ್ರ ಆಗೋದಿಲ್ಲ ತಾಯಿ. ಅವಳ ಹಾಗೆ ಎಷ್ಟು ಮಕ್ಕಳು ಸುಮ್ಮನೆ ಕೂತರೋ. ಪರೀಕ್ಷೆ ನಡೆದ ಜಾಗವೇ ಸರಿ ಇರಲಿಲ್ಲ ಅಂತ ನಾನು ಒಪ್ಪಿಕೊಂಡರೆ ಇಡೀ ಶಾಲೆಯದ್ದು ರದ್ದಾಗುತ್ತೆ. ಮುಂದಿನ ವರ್ಷ ಬೇರೆ ಪ್ರಶ್ನೆ ಇಟ್ಟುಕೊಂಡು ಎಲ್ಲರಿಗೂ ಹೊಸದಾಗಿ ಮಾಡಬೇಕು.”

“ಎಲ್ಲಾರ್ದೂ ಅಂದ್ರೆ, ನಮ್ ಅಮ್ಮಾಜೀದೂನಾ?”

“ಅವಳದೂ” ಎಂದರು ಆದಿನಾರಾಯಣರು. ಮುಖ ಎತ್ತಲಿಲ್ಲ. “ನಾಳೆ ನಾನು ಮೈಸೂರಿಗೆ ಹೋಗಬೇಕು. ನೀವು ಸುಮ್ಮನಿದ್ದರೆ ನಿಮ್ಮನ್ನು ಯಾರೂ ಕೇಳೋದಿಲ್ಲ. ಆದರೆ ನನಗೀಗ ಗೊತ್ತಾಗಿಬಿಟ್ಟಿದೆ. ನಿಮ್ಮ ಮಗಳ ವಿಷಯ ಇದರಲ್ಲಿ ಸೇರಿರೋದರಿಂದ ನಿಮ್ಮ ಬಾಯಿಂದ ಒಂದು ಮಾತು ಬರಲಿ ಅಂತ ಕಾಯ್ತೀನಿ.”

ಇಂಥ ಮಾತನ್ನು ತಾಯಿಯೊಬ್ಬಳ ತಲೆಗೆ ಕಟ್ಟಬಹುದೇ ಎಂದು ಯಾರಾದರೂ ಕೇಳಬಹುದು. ಆದಿನಾರಾಯಣರೂ ಆಮೇಲೆ ತಮ್ಮನ್ನು ತಾವು ಹಾಗೆ ಕೇಳಿಕೊಂಡರಂತೆ. ಕದಿರಮ್ಮ ಎದ್ದು ಬಂದರು. ಬಂಗಾರಪೇಟೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತರು. ಉರಿಗಾಂ ಕಡೆಯ ರೈಲು ಬಂತು, ಹೋಯಿತು. ಅವರು ಹತ್ತಲಿಲ್ಲ. ಅಡಕತ್ತರಿಯಲ್ಲಿ ಸಿಕ್ಕಿದ ಅಡಕೆಗೆ ಆಚೆಯೂ ಒಂದೇ, ಈಚೆಯೂ ಒಂದೇ.

“ಏನೇನೋ ಯೋಚ್ನೆ ಬಂತು” ಎನ್ನುತ್ತಾರೆ ಅವರು. “ಸುಮ್ಕೆ ಓಗ್ಬಿಡಾನ ಅನ್ನುಸ್ತು. ಯಾರ್ ಕೇಳ್ತಾರೆ? ನನ್ ಮಗಳೇನು ಕದ್ದಳಾ? ಕೇಳಿದ್ದುಕ್ಕೆ ಏಳಿದ್ಲು, ಅಷ್ಟೇ ತಾನೆ. ಆದ್ರೆ ನನ್ ಗಂಡನ್ನ ಎಗಲ್ ಮೇಲೆ ಎತ್ಕೊಂಡ್ ಬಂದೋನು ಆ ಪೆರುಮಾಳು. ಅವ್ನ ಮಗಳ ಬಾಯಿ ಮೇಲೆ ಬೆರ್ಳಿಟ್ಟು ಸುಮ್ಕಿರು ಅಂತ ಕಲಿಸ್ದೋಳು ನಾನು. ಅವ್ಳು ನಾನ್ ಏಳಿದ್ದೇ ಮಾಡಿದ್ಲಲ್ಲಪ್ಪ.”

ಬಿಡಾರಕ್ಕೆ ವಾಪಸು ಹೋದರು. ಆದಿನಾರಾಯಣರು ಊಟಕ್ಕೆ ಕೂತಿದ್ದರು. ಕದಿರಮ್ಮ ಹೊಸ್ತಿಲಾಚೆಯೇ ನಿಂತು “ಎಲ್ಲಾರ್ದೂ ಒಡ್ದಾಕ್ಬಿಡಿ ಸಾಮಿ” ಎಂದರು. ಒಳಗೆ ಬರಲಿಲ್ಲ, ಕೊಟ್ಟ ನೀರು ಕುಡಿಯಲಿಲ್ಲ. ಸಂಜೆಯ ರೈಲಿಗೆ ಮನೆ ಸೇರಿದರು.

ಮಗಳಿಗೆ ಅವತ್ತೇ ಹೇಳಿದರು. ಮುಚ್ಚಿಡಲು ಅವರಿಂದ ಆಗಲಿಲ್ಲ. ಅಮ್ಮಾಜಿ ಅತ್ತರೆ ತಬ್ಬಿಕೊಳ್ಳಬೇಕು, ರಂಪ ಮಾಡಿದರೆ ತಡೆದುಕೊಳ್ಳಬೇಕು ಎಂದು ರೈಲಿನಲ್ಲೇ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದರು. ಅವಳು ಅಳಲಿಲ್ಲ. ಗೂಡಿನಲ್ಲಿದ್ದ ಬಟ್ಟೆ ಗಂಟು ಇಳಿಸಿ, ಬಿಚ್ಚಿ, ಒಂದೊಂದೇ ಮಡಿಸಿಟ್ಟಳು. ಆಮೇಲೆ ಕೇಳಿದಳು:

“ನನ್ನೊಂದ್ ಮಾತು ಕೇಳ್ಬಾರ್ದಿತ್ತಾ ಅಮ್ಮ?”

ಅಷ್ಟೇ. ಅವಳಿಗೆ ಆಗ ಹತ್ತು ವರ್ಷ.

ಪರೀಕ್ಷೆ ರದ್ದಾಯಿತು. ಆದಿನಾರಾಯಣರು ಮೇಲಿನವರಿಂದ ಚೆನ್ನಾಗಿ ಬೈಸಿಕೊಂಡರು. ಲೈನಿನಲ್ಲಿ ಬೇರೆಯೇ ಮಾತು ಎದ್ದಿತು. ಅಮ್ಮಾಜಿ ಮೊದಲು ಬಂದಾಗಲೇ ಕೆಲವರು ಗುಸುಗುಸು ಅಂದಿದ್ದರು: ಆಯಮ್ಮ ಬಾಗಿಲಲ್ಲೇ ನಿಂತಿರುತ್ತಿದ್ದಳಲ್ಲ, ಪ್ರಶ್ನೆಗಳನ್ನು ಕೇಳಿಸಿಕೊಂಡು ಮಗಳಿಗೆ ಹೇಳಿಕೊಟ್ಟಿದ್ದಾಳೆ ಎಂದು. ಈಗ ರದ್ದಾದದ್ದು ಅವರ ಮಾತಿಗೆ ಮುದ್ರೆ ಒತ್ತಿದಂತಾಯಿತು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗೆ. “ಬೆಂಕಿ ಇಲ್ದೆ ಒಗೆ ಆಡ್ತದಾ?” ಎಂದು ನಲ್ಲಿಯ ಹತ್ತಿರ ಕೇಳುವವರಿಗೆ ಟವಲಿನ ಕಥೆ ಹೇಳಿದರೆ ಕಿಸಕ್ಕನೆ ನಗುತ್ತಿದ್ದರು. ಪೆರುಮಾಳ್ ಒಂದಿಬ್ಬರ ಹತ್ತಿರ ಜಗಳಕ್ಕೂ ನಿಂತರು. ಶ್ರೀರಾಮಪ್ಪನವರು ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೆದುರು ತಿಳಿಸಿ ಹೇಳಿದರು. ಊರ ಬಾಯಿಗೆ ಮುಚ್ಚಳ ಹಾಕಲು ಯಾರಿಂದಾಯಿತು? ಮಕ್ಕಳು ಅಮ್ಮಾಜಿಯನ್ನು ಕಳ್ಳಿ ಎಂದು ಕರೆಯತೊಡಗಿದವು. ಅವಳು ತಿರುಗಿ ಬೈಯಲಿಲ್ಲ. ಗಂಟೆಯಂಥ ಆ ಗಂಟಲು ಹಾಗೆ ಅಡಗಿತು.

ಕದಿರಮ್ಮ ಪೆರುಮಾಳ್ ಅವರ ಕೈಕಾಲು ಹಿಡಿದು “ಒಂದ್ ವರ್ಸ ತಡ್ಕೊ, ಕನಕನ್ನ ಬಂಗಲೆಗೆ ಬಿಡ್ಬೇಡ” ಎಂದು ಬೇಡಿಕೊಂಡರು. ಅವರು ತಡೆದುಕೊಂಡರು. ರದ್ದು ಮಾಡಿಸಿದವರು ಯಾರು ಎಂಬುದನ್ನು ಮಾತ್ರ ಕದಿರಮ್ಮ ಅವರಿಗೂ ಹೇಳಲಿಲ್ಲ. ಆದಿನಾರಾಯಣರೇ ತಿಳಿದು ಮಾಡಿದರು ಎಂದು ಪೆರುಮಾಳ್ ಇಂದಿಗೂ ನಂಬಿದ್ದಾರೆ.

ಮುಂದಿನ ವರ್ಷ ಆದಿನಾರಾಯಣರು ಮತ್ತೆ ಬಂದರು. ಈ ಸಲ ಪರೀಕ್ಷೆ ಹೊರಗೆ, ಹುಣಸೆ ಮರದ ಕೆಳಗೆ. ಕದಿರಮ್ಮ ಮತ್ತೆ ಯಾರೂ ಬೆರಳು ತೋರಿಸುವುದು ಬೇಡವೆಂದು ತಾವೇ ಅಂದು ಶಾಲೆಯ ಕಡೆ ಬರಲಿಲ್ಲ. ಲೈನಿನ ಮಕ್ಕಳು ಮೂರು ಭಾಷೆಯಲ್ಲೂ ಮರ ಹಾರಿಹೋಗುವ ಹಾಗೆ ಉತ್ತರ ಕೂಗಿದವಂತೆ. ಕನಕ ಮೊದಲನೆಯವಳಾದಳು. ಅಮ್ಮಾಜಿಯೂ ಕೂತಿದ್ದಳು, ಕೇಳಿದ್ದಕ್ಕೆ ಮೆಲ್ಲಗೆ ಉತ್ತರ ಕೊಟ್ಟಳು. ಆಯ್ಕೆಯಾದ ಮೂವರಲ್ಲಿ ಅವಳಿರಲಿಲ್ಲ.

ಮೊದಲಿನ ಸಲ ಅವಳೊಬ್ಬಳೇ ಓಡಿದ್ದು, ಅದಕ್ಕೇ ಗೆದ್ದಳು ಎಂದು ಕೆಲವರು ಹೇಳುತ್ತಾರೆ. ಒಂದು ವರ್ಷ ಕಳ್ಳಿ ಎನಿಸಿಕೊಂಡು ಬಾಳಿದ ಮಗು ಎರಡನೆಯ ಸಲ ಎಷ್ಟು ಓಡೀತು ಎಂದು ಅವರಾರೂ ಕೇಳುವುದಿಲ್ಲ. ಆದಿನಾರಾಯಣರು ಮಾತ್ರ ತಮ್ಮನ್ನೇ ಕೇಳಿಕೊಂಡರು. ಮಕ್ಕಳನ್ನು ಅಳೆಯಲು ಹೊರಟವನು ಮೊದಲು ಅವರ ಮನೆಯ ಹಗಲು ಹೇಗಿರುತ್ತದೆಂದು ನೋಡಬೇಕು ಎಂದು ಅವರೀಗ ತಮ್ಮ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಾರಂತೆ. ಒಳ್ಳೆಯ ಪಾಠವೇ. ಅದರ ಫೀಸು ಕಟ್ಟಿದ್ದು ಅಮ್ಮಾಜಿ.

ಕನಕ ಈಗ ಬಂಗಾರಪೇಟೆಯಲ್ಲಿ ಓದುತ್ತಿದ್ದಾಳೆ. ಶನಿವಾರದ ರೈಲಿಗೆ ಬಂದರೆ ಮೊದಲು ಓಡಿಬರುವುದು ಆಯಮ್ಮನ ಮನೆಗೆ. ಅಲ್ಲಿಯ ಊಟ, ಅಲ್ಲಿಯ ಟೀಚರು, ಅಲ್ಲಿ ಕಲಿತ ಇಂಗ್ಲಿಷ್ ಪದ್ಯ, ಎಲ್ಲವನ್ನೂ ಅಮ್ಮಾಜಿಗೆ ಒಂದೇ ಉಸಿರಿನಲ್ಲಿ ಹೇಳುತ್ತಾಳೆ. ಅಮ್ಮಾಜಿ ಗೋಡೆಗೆ ಒರಗಿ ಹೂಂಗುಟ್ಟುತ್ತ ಕೇಳುತ್ತಾಳೆ. ಗೆಳತಿಯ ಮೇಲೆ ಅವಳಿಗೆ ಸಿಟ್ಟಿಲ್ಲ. ಕದಿರಮ್ಮ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತು ಮುದ್ದೆ ತೊಳಸುತ್ತಾರೆ. ಹೊಗೆ ಜಾಸ್ತಿಯಾಯಿತೆಂದು ಆಗಾಗ ಕಣ್ಣೊರೆಸಿಕೊಳ್ಳುತ್ತಾರೆ.

ಅಮ್ಮಾಜಿ ಇಲ್ಲೇ ಉರಿಗಾಂನಲ್ಲಿ ಮುಂದಿನ ತರಗತಿಗೆ ಹೋಗುತ್ತಿದ್ದಾಳೆ. ತರಗತಿಯಲ್ಲಿ ಕೈಯೆತ್ತುವುದಿಲ್ಲ, ಹಿಂದಿನ ಬೆಂಚು ಬಿಟ್ಟು ಮುಂದೆ ಬರುವುದಿಲ್ಲ. ಮನೆಯಲ್ಲಿ ಹೇಳಿದ ಕೆಲಸ ಮಾಡುತ್ತಾಳೆ. ನೀರು ತರುತ್ತಾಳೆ, ಅಮ್ಮನ ಕಾಲು ನೋವಿಗೆ ಎಣ್ಣೆ ಹಚ್ಚುತ್ತಾಳೆ. ಕೇಳಿದ್ದಕ್ಕೆಲ್ಲ “ಆಯ್ತಮ್ಮ” ಎನ್ನುತ್ತಾಳೆ. ಇಷ್ಟು ಒಳ್ಳೆಯ ಮಗಳು ಯಾರಿಗುಂಟು ಎಂದು ಅಕ್ಕಪಕ್ಕದವರು ಹೊಗಳುತ್ತಾರೆ. ಹೊಗಳಿದಾಗಲೆಲ್ಲ ಕದಿರಮ್ಮನ ಎದೆಯಲ್ಲಿ ಮುಳ್ಳಾಡುತ್ತದೆ.

ಇದನ್ನೆಲ್ಲ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಅವರನ್ನು ಕೇಳಿದೆ. “ಬರ್ಕೊಳ್ಳಿ. ನಮ್ ಲೈನಲ್ಲಿ ಕನ್ನಡ ಪೇಪರ್ ಯಾರ್ ಓದ್ತಾರೆ? ಕನಕಂಗೆ ಮಾತ್ರ ಗೊತ್ತಾಗ್ಬಾರ್ದು. ಗೊತ್ತಾದ್ರೆ ಆ ಮಗೀಗೆ ಓದಾಕೆ ಮನ್ಸು ಬತ್ತದಾ?” ಎಂದರು. ಹಾಗಾಗಿ ಇಲ್ಲಿ ಹೆಸರುಗಳನ್ನು ಬದಲಿಸಿದ್ದೇನೆ.

ನಿಮಗೆ ಏನಾಗಬೇಕು ಎಂದು ಕೊನೆಗೆ ಕೇಳಿದಾಗ ಕದಿರಮ್ಮ ಸಂಬಳದ ಮಾತು ಎತ್ತಲಿಲ್ಲ, ಮನೆಯ ಸೋರುವ ಮಾಡಿನ ಮಾತು ಎತ್ತಲಿಲ್ಲ. ಒಳಗೆ ಅಮ್ಮಾಜಿ ಪಾತ್ರೆ ತೊಳೆಯುತ್ತಿದ್ದಳು. ಅತ್ತ ನೋಡಿಕೊಂಡೇ ದನಿ ತಗ್ಗಿಸಿ ಹೇಳಿದರು:

“ನಂಗೆ ದೊಡ್ಡಾಸೆ ಏನಿಲ್ಲ. ಇವ್ಳು ಒಂದ್ ದಿನ ಎದುರ್ಗೆ ನಿಂತ್ಕೊಂಡು ನನ್ನ ಬಾಯ್ತುಂಬ ಬೈದ್ಬಿಡ್ಲಿ. ‘ನೀನೇ ನನ್ ಬಾಳು ಕಿತ್ಕೊಂಡೆ’ ಅನ್ಲಿ. ಲೈನಿಗೆಲ್ಲಾ ಕೇಳಂಗೆ ಅನ್ಲಿ. ಅವತ್ತು ನಾನು ಒಂದ್ ತುತ್ತು ಜಾಸ್ತಿ ಉಣ್ತೀನಿ.”